ಹಳೆಯ ಗಣಕಕ್ಕೆ ಮೆಮೊರಿ ಹಿಗ್ಗಿಸುವ ತಂತ್ರಾಂಶ: ಜಾಗ ಬರುವುದೆಲ್ಲಿಂದ?

ಬೆಳೆ ವಿಮೆ ನೋಂದಣಿಗೆ ಅದು ಕೊನೆಯ ದಿನವೆಂದುಕೊಳ್ಳಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆಯಂತಹ ಒಂದು ಊರು. ಅಲ್ಲಿ ಒಂದು ಜೆರಾಕ್ಸ್ ಯಂತ್ರ, ಒಂದು ಪ್ರಿಂಟರ್ ಮತ್ತು ಹತ್ತು ಹನ್ನೆರಡು ವರ್ಷ ದುಡಿದ ಒಂದು ಗಣಕವಿರುವ ಪುಟ್ಟ ಅಂಗಡಿ. ಹೊರಗೆ ಪಹಣಿ, ಆಧಾರ್ ಪ್ರತಿ, ಪಾಸ್‌ಬುಕ್ ಹಿಡಿದ ಶೇಂಗಾ ಬೆಳೆಗಾರರ ಸಾಲು. ಒಳಗೆ ಬ್ರೌಸರ್‌ನಲ್ಲಿ ಏಳೆಂಟು ಪುಟಗಳು ತೆರೆದಿವೆ, ನುಡಿಯಲ್ಲಿ ಯಾರದೋ ಅರ್ಜಿ ಅರ್ಧ ಬೆರಳಚ್ಚಾಗಿದೆ, ಸ್ಕ್ಯಾನರ್‌ನ ತಂತ್ರಾಂಶವೂ ಎಚ್ಚರವಾಗಿದೆ. ಒಂದು ಪುಟದಿಂದ ಇನ್ನೊಂದಕ್ಕೆ ಹೋಗಲೆಂದು ಮೌಸ್ ಒತ್ತಿದರೆ ಪರದೆ ಬಿಳುಚಿಕೊಂಡು ನಿಲ್ಲುತ್ತದೆ. ಪೆಟ್ಟಿಗೆಯೊಳಗೆ ಹಾರ್ಡ್ ಡಿಸ್ಕ್ ಕರಕರ ಸದ್ದು ಮಾಡುತ್ತದೆ. ಅವಧಿ ಮುಗಿದರೆ ಆ ಹಂಗಾಮಿನ ವಿಮೆ ಕೈತಪ್ಪಿದಂತೆಯೇ.

ಇಂತಹ ಹೊತ್ತಿನಲ್ಲಿ ಅಂತರಜಾಲದಲ್ಲಿ ಹುಡುಕಿದವರಿಗೆ ಮೊದಲು ಸಿಗುವುದು ‘ಒಂದೇ ಕ್ಲಿಕ್‌ನಲ್ಲಿ ಮೆಮೊರಿ ದುಪ್ಪಟ್ಟು’ ಎನ್ನುವ ಬಗೆಯ ಉಚಿತ ತಂತ್ರಾಂಶಗಳು. ಇವುಗಳಲ್ಲಿ ಕೆಲವು ನಿಜವಾಗಿಯೂ ಉಪಕಾರಿ, ಕೆಲವು ನಿರುಪಯೋಗಿ, ಇನ್ನು ಕೆಲವು ಗಣಕವನ್ನು ಇದ್ದುದಕ್ಕಿಂತಲೂ ನಿಧಾನಗೊಳಿಸುವಂಥವು. ಮೂರೂ ಒಂದೇ ಭಾಷೆಯಲ್ಲಿ ಜಾಹೀರಾತು ನೀಡುತ್ತವೆ. ಅವುಗಳನ್ನು ಬೇರ್ಪಡಿಸಲು ಕೇಳಬೇಕಾದ ಪ್ರಶ್ನೆ ಒಂದೇ. ತಂತ್ರಾಂಶವು ಸಿಲಿಕಾನ್ ಚಿಪ್ಪನ್ನು ಸೃಷ್ಟಿಸಲಾರದು. ಹಾಗಿದ್ದಮೇಲೆ ಅದು ಕೊಡುತ್ತೇನೆಂದು ಹೇಳುವ ಜಾಗ ಎಲ್ಲಿಂದ ಬರುತ್ತದೆ?

ಮೊದಲು ನಿಧಾನಗತಿಯ ಮೂಲವನ್ನು ನೋಡೋಣ. ಗಣಕವು ಸದ್ಯ ಬಳಸುತ್ತಿರುವ ಮಾಹಿತಿಯನ್ನೆಲ್ಲ ರ‍್ಯಾಮ್ ಎಂಬ ಪ್ರಾಥಮಿಕ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಜಾಗ ಸಾಲದಾದಾಗ ಸದ್ಯಕ್ಕೆ ಬೇಡವಾದ ಭಾಗವನ್ನು ಹಾರ್ಡ್ ಡಿಸ್ಕಿನಲ್ಲಿರುವ ಪೇಜ್ ಫೈಲ್ ಎಂಬ ಕಡತಕ್ಕೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಈ ಸಾಗಾಟವೇ ತೊಡಕು. ಮೆಮೊರಿಯಿಂದ ಮಾಹಿತಿ ಸಿಗಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ಸಿಗಲು ಸುಮಾರು 10 ಮಿಲಿಸೆಕೆಂಡ್ ಬೇಕು. ಅಂದರೆ ಒಂದು ಲಕ್ಷ ಪಟ್ಟು ಹೆಚ್ಚು. ಮೇಜಿನ ಮೇಲಿನ ಕಾಗದವನ್ನು ಎತ್ತಿಕೊಳ್ಳಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದಾದರೆ, ಅದೇ ಕಾಗದವನ್ನು ಹಾರ್ಡ್ ಡಿಸ್ಕಿನಿಂದ ತರಿಸಲು ಒಂದು ಹಗಲು ಒಂದು ರಾತ್ರಿ ಕಳೆದು ಮತ್ತೂ ಮೂರೂಮುಕ್ಕಾಲು ಗಂಟೆ ಬೇಕು. ಅಂಗಡಿಯಲ್ಲಿ ಕೇಳಿಬರುವ ಕರಕರ ಸದ್ದು ಈ ಓಡಾಟದ್ದು.

<b>640ರ ಗೋಡೆ</b>

ಮೆಮೊರಿ ಹಿಗ್ಗಿಸುವ ತಂತ್ರಾಂಶಗಳ ಇತಿಹಾಸ ಗೌರವಯುತವಾಗಿಯೇ ಆರಂಭವಾಯಿತು. 1981ರಲ್ಲಿ ಬಂದ ಐಬಿಎಂ ಪಿಸಿಯ ಸಂಸ್ಕಾರಕಕ್ಕೆ 20 ವಿಳಾಸ ತಂತಿಗಳಿದ್ದವು. ಆದ್ದರಿಂದ ಅದು ಗುರುತಿಸಬಲ್ಲ ಮೆಮೊರಿ 1 ಮೆಗಾಬೈಟ್ ಮಾತ್ರ. ಅದರಲ್ಲಿ ಮೇಲಿನ 384 ಕಿಲೋಬೈಟನ್ನು ಪರದೆಗೂ ಯಂತ್ರದ ಆಂತರಿಕ ಕೆಲಸಗಳಿಗೂ ಮೀಸಲಿಟ್ಟು, ಉಳಿದ 640 ಕಿಲೋಬೈಟನ್ನು ಬಳಕೆದಾರರ ತಂತ್ರಾಂಶಗಳಿಗೆ ಬಿಡಲಾಯಿತು. ಮುಂದೆ 80286, 80386 ಸಂಸ್ಕಾರಕಗಳು ಬಂದು ಹಲವು ಮೆಗಾಬೈಟ್ ಮೆಮೊರಿ ಜೋಡಿಸುವುದು ಸಾಧ್ಯವಾದರೂ, ಡಾಸ್ ಕಾರ್ಯಾಚರಣೆ ವ್ಯವಸ್ಥೆ ಮಾತ್ರ ಹಳೆಯ ಗೋಡೆಯೊಳಗೇ ಉಳಿಯಿತು. ಹಣ ಕೊಟ್ಟು ತಂದ ಮೆಮೊರಿ ಯಂತ್ರದಲ್ಲಿತ್ತು, ಕೈಗೆ ಎಟುಕುತ್ತಿರಲಿಲ್ಲ.

ಈ ಗೋಡೆಗೆ ಮೊದಲು ಕಿಟಕಿ ಕೊರೆದವರು ಲೋಟಸ್, ಇಂಟೆಲ್ ಮತ್ತು ಮೈಕ್ರೋಸಾಫ್ಟ್. 1985ರಲ್ಲಿ ಅವರು ರೂಪಿಸಿದ ಇಎಂಎಸ್ ಎಂಬ ಮಾನದಂಡದಲ್ಲಿ ಮೀಸಲು ಪ್ರದೇಶದಲ್ಲಿ 64 ಕಿಲೋಬೈಟ್‌ಗಳ ಒಂದು ಕಿಟಕಿ ಇರುತ್ತಿತ್ತು. ಹೊರಗಿನ ಮೆಮೊರಿಯ ತುಣುಕುಗಳನ್ನು 16 ಕಿಲೋಬೈಟ್‌ಗಳ ಹಾಳೆಗಳಾಗಿ ಸರದಿಯಂತೆ ಆ ಕಿಟಕಿಗೆ ತಂದು ತೋರಿಸಲಾಗುತ್ತಿತ್ತು. ದೊಡ್ಡ ಲೆಕ್ಕಪತ್ರಗಳನ್ನು ಲೋಟಸ್ 1-2-3ರಲ್ಲಿ ಇಟ್ಟುಕೊಂಡವರಿಗೆ ಇದು ವರವಾಯಿತು. 80386 ಬಂದಮೇಲೆ ಕ್ವಾರ್ಟರ್‌ಡೆಕ್ ಸಂಸ್ಥೆಯ ಕ್ಯೂಇಎಂಎಂ, ಕ್ವಾಲಿಟಾಸ್ ಸಂಸ್ಥೆಯ 386ಮ್ಯಾಕ್ಸ್ ಎಂಬ ತಂತ್ರಾಂಶಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಮೀಸಲು 384ರಲ್ಲಿ ಖಾಲಿ ಬಿದ್ದ ಮೂಲೆಗಳನ್ನು ಹುಡುಕಿ, ಮೌಸ್, ನೆಟ್‌ವರ್ಕ್, ಸಿಡಿ ಮುಂತಾದ ಸಾಧನಗಳ ಚಾಲಕ ತಂತ್ರಾಂಶಗಳನ್ನು ಅಲ್ಲಿಗೆ ಸಾಗಿಸಿ, 640ರೊಳಗೆ ಜಾಗ ತೆರವು ಮಾಡುವುದು ಅವುಗಳ ಕೆಲಸ. 1991ರ ಎಂಎಸ್-ಡಾಸ್ 5.0ರೊಂದಿಗೆ ಹೈಮೆಮ್, ಇಎಂಎಂ386 ಎಂಬ ಎರಡು ಕಡತಗಳನ್ನು ಮೈಕ್ರೋಸಾಫ್ಟ್ ತಾನೇ ಕೊಟ್ಟಿತು. ಆದರೂ ಹಣ ತೆತ್ತು ಕ್ಯೂಇಎಂಎಂ ಕೊಳ್ಳುವವರು ಇದ್ದರು. ಒಂದೊಂದು ಕಿಲೋಬೈಟ್ ಹೆಕ್ಕಿ ತೆಗೆಯುವುದರಲ್ಲಿ ಅದರ ಹೆಸರು ಮೇಲಿತ್ತು. 1993ರ ಡಾಸ್ 6.0ರಲ್ಲಿ ಮೆಮ್‌ಮೇಕರ್ ಎಂಬ ಸಲಕರಣೆ ಬಂದು, ಕಾನ್ಫಿಗ್ ಕಡತವನ್ನು ಕೈಯಾರೆ ತಿದ್ದುವ ಶ್ರಮವೂ ಕಡಿಮೆಯಾಯಿತು.

ಆ ದಿನಗಳಲ್ಲಿ ಡಾಸ್‌ನ ಪರದೆಯಲ್ಲಿ ಕನ್ನಡ ಕಾಣಬೇಕಿದ್ದರೆ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡ್‌ನಂತಹ ಪ್ರತ್ಯೇಕ ಯಂತ್ರಾಂಶವನ್ನು ಗಣಕಕ್ಕೆ ಜೋಡಿಸಿಕೊಳ್ಳುವ ಪದ್ಧತಿ ಇತ್ತು ಎಂಬುದನ್ನು ಇಂದಿನ ಓದುಗರು ನಂಬುವುದು ಕಷ್ಟ. ಲಿಪಿಗೇ ಒಂದು ಕಾರ್ಡ್!

ಗಮನಿಸಬೇಕಾದುದು ಇಷ್ಟು. ಡಾಸ್ ಕಾಲದ ಈ ತಂತ್ರಾಂಶಗಳಿಗೆ ನಮ್ಮ ಪ್ರಶ್ನೆಯನ್ನು ಹಾಕಿದರೆ ನೇರ ಉತ್ತರ ದೊರೆಯುತ್ತದೆ. ಜಾಗ ಮೊದಲೇ ಇತ್ತು. ಅವು ದಾರಿ ಮಾಡಿಕೊಟ್ಟವು.

<b>ದುಪ್ಪಟ್ಟಿನ ವ್ಯಾಪಾರ</b>

1990ರ ದಶಕದ ನಡುವಿನಲ್ಲಿ ಮೆಮೊರಿ ಬಲು ದುಬಾರಿಯಾಗಿತ್ತು. ಆಗ ಹುಟ್ಟಿದ ಎರಡು ತಂತ್ರಾಂಶಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಇಡೀ ವಿಷಯ ತಿಳಿಯಾಗುತ್ತದೆ.

ಮೊದಲನೆಯದು, ಕನೆಕ್ಟಿಕ್ಸ್ ಸಂಸ್ಥೆ 1994ರಲ್ಲಿ ಮ್ಯಾಕಿಂಟಾಷ್‌ಗಾಗಿ ತಂದ ರ‍್ಯಾಮ್ ಡಬ್ಲರ್. ಅಂದಿನ ಮ್ಯಾಕ್ ವ್ಯವಸ್ಥೆಯಲ್ಲಿ ಪ್ರತಿಯೊಂದು ತಂತ್ರಾಂಶವೂ ತೆರೆಯುವಾಗಲೇ ಇಂತಿಷ್ಟು ಮೆಮೊರಿಯನ್ನು ಕಾದಿರಿಸಿಕೊಳ್ಳುತ್ತಿತ್ತು, ಬಳಸಲಿ ಬಿಡಲಿ. ಬಸ್ಸಿನ ಸೀಟಿನ ಮೇಲೆ ಟವೆಲ್ ಹಾಕಿ ಹೋದಂತೆ. ರ‍್ಯಾಮ್ ಡಬ್ಲರ್ ಮೊದಲು ಹಾಗೆ ಕಾದಿರಿಸಿ ಬಳಸದೆ ಬಿಟ್ಟ ಜಾಗವನ್ನು ಇತರರಿಗೆ ಕೊಡುತ್ತಿತ್ತು. ಅದು ಸಾಲದಾದಾಗ ವಿರಳವಾಗಿ ಬಳಕೆಯಾಗುವ ಮಾಹಿತಿಯನ್ನು ಒತ್ತಿ ಚಿಕ್ಕದಾಗಿಸಿ ಮೆಮೊರಿಯಲ್ಲೇ ಇಡುತ್ತಿತ್ತು. ಡಿಸ್ಕಿಗೆ ಹೋಗುವುದು ಕೊನೆಯ ಉಪಾಯ. ಹೆಸರಿನಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇದ್ದರೂ ಜಾಗ ಎಲ್ಲಿಂದ ಬಂತೆಂಬುದಕ್ಕೆ ಲೆಕ್ಕವಿತ್ತು.

ಎರಡನೆಯದು, 1995ರಲ್ಲಿ ಸಿಂಕ್ರೋನಿಸ್ ಎಂಬ ಅಮೆರಿಕನ್ ಸಂಸ್ಥೆ ವಿಂಡೋಸ್‌ಗಾಗಿ ಮಾರಿದ ಸಾಫ್ಟ್‌ರ‍್ಯಾಮ್ 95. ಮೆಮೊರಿಯನ್ನು ಒತ್ತಿ ದುಪ್ಪಟ್ಟು ಮಾಡುತ್ತೇನೆಂಬುದು ಇದರದೂ ಭರವಸೆ. ಆರು ಲಕ್ಷದಷ್ಟು ಪ್ರತಿಗಳು ಮಾರಾಟವಾದವು. ಬಳಿಕ ಜರ್ಮನಿಯ ಒಂದು ಗಣಕ ಪತ್ರಿಕೆಯೂ, ಮಾರ್ಕ್ ರುಸಿನೊವಿಚ್ ಮೊದಲಾದ ಪರಿಣತರೂ ತಂತ್ರಾಂಶವನ್ನು ಬಿಚ್ಚಿ ನೋಡಿದರು. ವಿಂಡೋಸ್ 95ರಲ್ಲಿ ಅದು ಏನನ್ನೂ ಒತ್ತುತ್ತಿರಲಿಲ್ಲ. ಪರದೆಯ ಮೇಲೆ ಅಂಕಿಗಳು ಮಾತ್ರ ಏರುತ್ತಿದ್ದವು. ವಿಂಡೋಸ್ 3.1ರಲ್ಲಿ ಡಿಸ್ಕಿನ ಮೇಲಿನ ಕಡತವನ್ನು ದೊಡ್ಡದು ಮಾಡುತ್ತಿತ್ತು. ಅದನ್ನು ಬಳಕೆದಾರ ತಾನೇ ಪುಕ್ಕಟೆಯಾಗಿ ಮಾಡಿಕೊಳ್ಳಬಹುದಿತ್ತು. ಅದೇ ವರ್ಷದ ಕೊನೆಗೆ ತಂತ್ರಾಂಶವನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. 1996ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಮುಂದೆ ಸಂಸ್ಥೆ ರಾಜಿ ಮಾಡಿಕೊಂಡಿತು, 1998ರಲ್ಲಿ ದಿವಾಳಿಯಾಯಿತು. ಅಷ್ಟರಲ್ಲಿ ಮೆಮೊರಿಯ ಬೆಲೆಯೇ ಕುಸಿದಿತ್ತು.

<b>ಬರಿದಾದ ಜಲಾಶಯದ ಹೆಮ್ಮೆ</b>

ನಮ್ಮ ರಾಜ್ಯದಲ್ಲಿ ಗಣಕಗಳು ವ್ಯಾಪಕವಾಗಿ ಊರೂರು ತಲುಪಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಭೂಮಿ ಯೋಜನೆ ಪಹಣಿಯನ್ನು ತಾಲ್ಲೂಕು ಕೇಂದ್ರದ ಗಣಕಕ್ಕೆ ತಂದಿತು, ಮಾಹಿತಿ ಸಿಂಧು ಯೋಜನೆಯಡಿ ಸರ್ಕಾರಿ ಪ್ರೌಢಶಾಲೆಗಳಿಗೆ ಗಣಕಗಳು ಬಂದವು, ಬರಹ ಮತ್ತು ನುಡಿ ತಂತ್ರಾಂಶಗಳಿಂದ ಕನ್ನಡ ಬೆರಳಚ್ಚಿನ ಅಂಗಡಿಗಳು ತಲೆಯೆತ್ತಿದವು. ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64, ಸಮಾಧಾನಕರವಾಗಿ 128 ಮೆಗಾಬೈಟ್ ಮೆಮೊರಿ ಬೇಕೆಂದು ಮೈಕ್ರೋಸಾಫ್ಟ್ ಹೇಳಿದ್ದ ಕಾಲವದು. ‘ಮೆಮೊರಿ ಆಪ್ಟಿಮೈಸರ್’, ‘ಬೂಸ್ಟರ್’, ‘ಕ್ಲೀನರ್’ ಎಂಬ ಹೆಸರುಗಳ ತಂತ್ರಾಂಶಗಳು ಹರಡಿದ್ದೂ ಅದೇ ಕಾಲದಲ್ಲಿ. ಈ ಲೇಖಕನ ಗಣಕಕ್ಕೂ ರಿಪೇರಿಯವರೊಬ್ಬರು ಅಂತಹ ಒಂದನ್ನು ಹಾಕಿಕೊಟ್ಟಿದ್ದರು. ಗಡಿಯಾರದ ಪಕ್ಕ ಹಸಿರು ಅಂಕಿ ಏರುವುದನ್ನು ನೋಡುತ್ತ ಸಂತೋಷಪಟ್ಟದ್ದುಂಟು. ಅಂಕಿ ಏರಿದಾಗಲೆಲ್ಲ ತೆರೆದಿದ್ದ ಕಡತ ಮತ್ತೆ ಕಾಣಿಸಿಕೊಳ್ಳಲು ಇನ್ನಷ್ಟು ತಡವಾಗುತ್ತಿತ್ತು ಎಂಬುದು ಹೊಳೆಯಲು ಬಹಳ ದಿನ ಬೇಕಾಯಿತು.

ಇವುಗಳ ವಿಧಾನ ಸರಳ. ತಂತ್ರಾಂಶವು ಏಕಾಏಕಿ ದೊಡ್ಡ ಪ್ರಮಾಣದ ಮೆಮೊರಿಯನ್ನು ತನಗೆ ಬೇಕೆಂದು ಕೇಳುತ್ತದೆ, ಇಲ್ಲವೇ ಉಳಿದ ತಂತ್ರಾಂಶಗಳೆಲ್ಲ ತಮ್ಮ ಜಾಗ ಬಿಟ್ಟುಕೊಡಬೇಕೆಂದು ವಿಂಡೋಸ್ ಮೂಲಕ ಆಜ್ಞಾಪಿಸುತ್ತದೆ. ಕಾರ್ಯಾಚರಣೆ ವ್ಯವಸ್ಥೆ ಬೇರೆ ದಾರಿಯಿಲ್ಲದೆ ಬ್ರೌಸರ್, ನುಡಿ, ಸ್ಕ್ಯಾನರ್ ಎಲ್ಲದರ ಮಾಹಿತಿಯನ್ನೂ ಹೊರಹಾಕುತ್ತದೆ. ಅದರಲ್ಲಿ ಉಳಿಸಿಕೊಳ್ಳಬೇಕಾದುದು ಡಿಸ್ಕಿಗೆ ಹೋಗುತ್ತದೆ. ಮೊದಲನೆಯ ಬಗೆಯ ತಂತ್ರಾಂಶ ಪಡೆದ ಜಾಗವನ್ನು ತಕ್ಷಣ ಬಿಟ್ಟುಬಿಡುತ್ತದೆ. ಈಗ ‘ಖಾಲಿ ಮೆಮೊರಿ’ ಬೇಕಾದಷ್ಟಿದೆ! ಆದರೆ ಬಳಕೆದಾರ ಬ್ರೌಸರ್‌ಗೆ ಮರಳಿದೊಡನೆ ಹೊರಹಾಕಿದ್ದನ್ನೆಲ್ಲ ಮತ್ತೆ ತರಬೇಕು, ಒಂದು ಲಕ್ಷ ಪಟ್ಟು ನಿಧಾನವಾದ ಜಾಗದಿಂದ. ಸಾಫ್ಟ್‌ರ‍್ಯಾಮ್ ಬಿಚ್ಚಿ ನೋಡಿದ್ದ ರುಸಿನೊವಿಚ್ ಅವರೇ ಈ ವರ್ಗದ ತಂತ್ರಾಂಶಗಳ ಬಣ್ಣವನ್ನೂ ಬಯಲು ಮಾಡಿದರು.

ಹಿರಿಯೂರಿನವರಿಗೆ ಇದನ್ನು ವಿವರಿಸುವುದು ಸುಲಭ. ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬೀಳುವುದನ್ನು ನೋಡಲು 2022ರವರೆಗೆ ಕಾಯಬೇಕಾಯಿತು. ಇರುವ ನೀರನ್ನು ಹೊರಗೆ ಬಿಟ್ಟು, ‘ನೋಡಿ, ಜಲಾಶಯದಲ್ಲಿ ಈಗ ಎಷ್ಟೊಂದು ಜಾಗವಿದೆ’ ಎಂದು ಯಾರಾದರೂ ಹೆಮ್ಮೆಪಟ್ಟರೆ ಆ ಸೀಮೆಯ ರೈತ ಏನೆನ್ನುತ್ತಾನೆ? ಗಣಕದ ಮೆಮೊರಿಯೂ ತುಂಬಿದ್ದರೇ ಸಾರ್ಥಕ. ವಿಸ್ಟಾದಿಂದ ಈಚಿನ ವಿಂಡೋಸ್ ಆವೃತ್ತಿಗಳು ಬಿಡುವಾದ ಮೆಮೊರಿಯಲ್ಲಿ ಮುಂದೆ ಬೇಕಾಗಬಹುದಾದ ಕಡತಗಳನ್ನು ಮೊದಲೇ ತಂದಿಟ್ಟುಕೊಂಡಿರುತ್ತವೆ, ಬೇರೆಯವರು ಕೇಳಿದೊಡನೆ ಆ ಜಾಗ ಬಿಟ್ಟುಕೊಡುತ್ತವೆ. ಆದ್ದರಿಂದ ಖಾಲಿ ಮೆಮೊರಿಯ ಅಂಕಿ ಕಡಿಮೆಯಿದೆ ಎಂದು ಗಾಬರಿಯಾಗಬೇಕಿಲ್ಲ. ಇಂತಹ ‘ಬೂಸ್ಟರ್’ ಇದ್ದರೆ ತೆಗೆದುಹಾಕುವುದೇ ಮೊದಲ ಚಿಕಿತ್ಸೆ. ಪುಕ್ಕಟೆ ಎಂಬ ಹೆಸರಿನಲ್ಲಿ ಬರುವ ಕೆಲವು ತಮ್ಮೊಂದಿಗೆ ಜಾಹೀರಾತಿನ ತಂತ್ರಾಂಶಗಳನ್ನೂ ಕರೆತರುತ್ತವೆ. ಜನರ ಆಧಾರ್, ಬ್ಯಾಂಕ್ ಖಾತೆಯ ವಿವರ ಹಾದುಹೋಗುವ ಅಂಗಡಿಯ ಗಣಕದಲ್ಲಿ ಅವು ಇರಲೇಬಾರದು.

<b>ಪೆನ್‌ಡ್ರೈವ್ ಮತ್ತು ಒತ್ತುವ ವಿದ್ಯೆ</b>

2007ರಲ್ಲಿ ವಿಂಡೋಸ್ ವಿಸ್ಟಾದೊಂದಿಗೆ ರೆಡಿಬೂಸ್ಟ್ ಬಂದಾಗ ‘ಪೆನ್‌ಡ್ರೈವ್ ಸಿಕ್ಕಿಸಿದರೆ ಮೆಮೊರಿ ಹೆಚ್ಚುತ್ತದೆ’ ಎಂಬ ಮಾತು ಹಬ್ಬಿತು. ಅದು ಪೂರ್ತಿ ಸರಿಯಲ್ಲ. ರೆಡಿಬೂಸ್ಟ್ ಪೆನ್‌ಡ್ರೈವನ್ನು ಹಾರ್ಡ್ ಡಿಸ್ಕಿನ ಕೆಲವು ಮಾಹಿತಿಯ ನಕಲು ಇಡುವ ಉಗ್ರಾಣವಾಗಿ ಬಳಸುತ್ತದೆ. ಡಿಸ್ಕಿನ ಮುಳ್ಳು ಅಲ್ಲಿ ಇಲ್ಲಿ ಚದುರಿದ ಸಣ್ಣ ತುಣುಕುಗಳನ್ನು ಹುಡುಕುವಾಗ ತಡವರಿಸುತ್ತದೆ. ಫ್ಲ್ಯಾಶ್ ಚಿಪ್ಪಿಗೆ ಆ ತಡವರಿಕೆ ಇಲ್ಲ. ಹಾಗಾಗಿ 512 ಮೆಗಾಬೈಟ್ ಅಥವಾ 1 ಗಿಗಾಬೈಟ್ ಮೆಮೊರಿ, ತಿರುಗುವ ಡಿಸ್ಕು ಇರುವ ಯಂತ್ರದಲ್ಲಿ ಸ್ವಲ್ಪ ಅನುಕೂಲ ಕಾಣುತ್ತದೆ. ಘನಸ್ಥಿತಿ ಡಿಸ್ಕು, ಅಂದರೆ ಎಸ್‌ಎಸ್‌ಡಿ ಇರುವ ಗಣಕಕ್ಕೆ ಇದರ ಅಗತ್ಯವೇ ಇಲ್ಲ. ಎಕ್ಸ್‌ಪಿ ಬಳಕೆದಾರರಿಗಾಗಿ ಇದೇ ಕೆಲಸ ಮಾಡುವ ಇಬೂಸ್ಟರ್ ಎಂಬ ತಂತ್ರಾಂಶವೂ ಬಂದಿತ್ತು.

32 ಬಿಟ್ ವಿಂಡೋಸ್ ಇರುವ ಗಣಕಗಳದು ಇನ್ನೊಂದು ಕಥೆ. 4 ಗಿಗಾಬೈಟ್ ಮೆಮೊರಿ ಹಾಕಿಸಿದರೂ 3 ಅಥವಾ 3.5ರಷ್ಟೇ ಕಾಣುತ್ತದೆ, ಏಕೆಂದರೆ ಉಳಿದ ವಿಳಾಸಗಳು ಯಂತ್ರಭಾಗಗಳಿಗೆ ಮೀಸಲು. ಹೀಗೆ ಮರೆಯಾದ ಮೆಮೊರಿಯನ್ನು ಡಿಸ್ಕಿನಂತೆ ತೋರಿಸಿ, ಪೇಜ್ ಫೈಲನ್ನು ಅಲ್ಲಿಡುವ ರ‍್ಯಾಮ್ ಡಿಸ್ಕ್ ತಂತ್ರಾಂಶಗಳಿವೆ. 640ರ ಗೋಡೆಗೆ ಕಿಟಕಿ ಕೊರೆದ ಅದೇ ಜಾಣ್ಮೆ. ಆದರೆ ಸಂಸ್ಕಾರಕ 64 ಬಿಟ್‌ನದಾಗಿದ್ದರೆ 64 ಬಿಟ್ ವ್ಯವಸ್ಥೆಯನ್ನೇ ಹಾಕಿಕೊಳ್ಳುವುದು ಇದಕ್ಕಿಂತ ಲೇಸು.

ನಿಜವಾದ ಪ್ರಗತಿ ಆಗಿರುವುದು ಒತ್ತುವ ವಿದ್ಯೆಯಲ್ಲಿ. ರ‍್ಯಾಮ್ ಡಬ್ಲರ್ ಮಾಡುತ್ತಿದ್ದುದನ್ನು ಇಂದು ಕಾರ್ಯಾಚರಣೆ ವ್ಯವಸ್ಥೆಗಳೇ ಮಾಡುತ್ತವೆ. ಆಪಲ್ ಇದನ್ನು 2013ರಲ್ಲಿ ತಂದಿತು, ವಿಂಡೋಸ್ 10ರಲ್ಲಿ ಇದು 2015ರಿಂದ ಇದೆ. ಒತ್ತಿದ ಮಾಹಿತಿ ಮೂಲ ಗಾತ್ರದ ಸುಮಾರು ಶೇ 40ರಷ್ಟು ಜಾಗದಲ್ಲಿ ಹಿಡಿಯುತ್ತದೆ ಎಂದು ಆಗ ಮೈಕ್ರೋಸಾಫ್ಟ್ ಹೇಳಿತ್ತು. ಲಿನಕ್ಸ್‌ನಲ್ಲಿ ಇದಕ್ಕೆ ಝಡ್‌ರ‍್ಯಾಮ್ ಎಂದು ಹೆಸರು. ನಿತಿನ್ ಗುಪ್ತಾ ಅವರು ಕಾಂಪ್‌ಕ್ಯಾಶ್ ಎಂಬ ಹೆಸರಿನಲ್ಲಿ ಆರಂಭಿಸಿದ ಯೋಜನೆಯೇ ಬೆಳೆದು 2014ರಲ್ಲಿ ಲಿನಕ್ಸ್‌ನ ಮೂಲಭಾಗಕ್ಕೆ ಸೇರಿತು. ಕಡಿಮೆ ಮೆಮೊರಿಯ ಆಂಡ್ರಾಯ್ಡ್ ಫೋನುಗಳು, ಕ್ರೋಮ್‌ಬುಕ್‌ಗಳು ಇದನ್ನು ನೆಚ್ಚಿಕೊಂಡಿವೆ. ಫೆಡೋರಾ ಲಿನಕ್ಸ್ 2020ರಿಂದ ಇದನ್ನು ತಾನಾಗಿಯೇ ಚಾಲೂ ಮಾಡುತ್ತದೆ.

ಇಲ್ಲಿ ಜಾಗ ಎಲ್ಲಿಂದ ಬಂತು? ಸಂಸ್ಕಾರಕದ ದುಡಿಮೆಯಿಂದ. ಮಾಹಿತಿಯನ್ನು ಒತ್ತಲು, ಬಿಡಿಸಲು ಸಂಸ್ಕಾರಕ ಶ್ರಮಿಸಬೇಕು. ಆದರೆ ಆ ಶ್ರಮದ ಅವಧಿ ಡಿಸ್ಕಿಗೆ ಹೋಗಿ ಬರುವ ಅವಧಿಗೆ ಹೋಲಿಸಿದರೆ ನಗಣ್ಯ. 2 ಗಿಗಾಬೈಟ್ ಮೆಮೊರಿಯ ಗಣಕ ಇದರಿಂದ 3 ಗಿಗಾಬೈಟಿನದರಂತೆ ನಡೆದುಕೊಂಡರೆ ಆಶ್ಚರ್ಯವಿಲ್ಲ, 8ರದಂತೆ ಎಂದೂ ನಡೆದುಕೊಳ್ಳದು. ಛಾಯಾಚಿತ್ರ, ವಿಡಿಯೊ ಮುಂತಾದವು ಮೊದಲೇ ಒತ್ತಿಟ್ಟ ಮಾಹಿತಿಯಾದ್ದರಿಂದ ಅವನ್ನು ಮತ್ತೆ ಒತ್ತಿದರೆ ಪ್ರಯೋಜನ ಕಡಿಮೆ.

<b>ಹಾಗಾದರೆ ಅಂಗಡಿಯಲ್ಲಿ ಮಾಡಬೇಕಾದುದೇನು?</b>

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಗಣಕ ನಿಂತುಹೋದ ಕ್ಷಣದಲ್ಲಿ ಮೆಮೊರಿಯೂ ಡಿಸ್ಕೂ ಎರಡೂ ಶೇ 100ರ ಆಸುಪಾಸಿನಲ್ಲಿದ್ದರೆ ಮೆಮೊರಿಯ ಕೊರತೆ ಇದೆಯೆಂದು ಬಹುಮಟ್ಟಿಗೆ ಹೇಳಬಹುದು. ಮೆಮೊರಿ ಅರ್ಧ ತುಂಬಿದ್ದು ಡಿಸ್ಕು ಮಾತ್ರ ಶೇ 100 ಇದ್ದರೆ ದೋಷ ಡಿಸ್ಕಿನದು ಅಥವಾ ಹಿನ್ನೆಲೆಯಲ್ಲಿ ನಡೆಯುತ್ತಿರುವ ಪರಿಷ್ಕರಣೆಯದು. ಆಗ ಯಾವ ಮೆಮೊರಿ ತಂತ್ರಾಂಶವೂ ಕೆಲಸಕ್ಕೆ ಬಾರದು. ಪೇಜ್ ಫೈಲನ್ನು ಮುಚ್ಚಿದರೆ ಗಣಕ ಚುರುಕಾಗುತ್ತದೆಂಬ ಸಲಹೆ ಆಗಾಗ ಕೇಳಿಬರುತ್ತದೆ. ಹಾಗೆ ಮಾಡಿದರೆ ಅರ್ಧ ತುಂಬಿದ ಅರ್ಜಿಯೊಂದಿಗೆ ಬ್ರೌಸರ್ ಹಠಾತ್ತನೆ ಮುಚ್ಚಿಕೊಳ್ಳಬಹುದು.

ಬ್ರೌಸರ್ ಇಂದಿನ ದೊಡ್ಡ ಹೊಟ್ಟೆಬಾಕ. 2022ರ ಕೊನೆಯಿಂದ ಕ್ರೋಮ್‌ನಲ್ಲಿರುವ ಮೆಮೊರಿ ಸೇವರ್ ಸೌಲಭ್ಯ ಬಹಳ ಹೊತ್ತು ಮುಟ್ಟದ ಪುಟಗಳನ್ನು ಮೆಮೊರಿಯಿಂದ ಇಳಿಸುತ್ತದೆ. ಅರ್ಧ ತುಂಬಿದ ಅರ್ಜಿಯ ಪುಟವನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೊರಗಿನಿಂದ ತಂದ ಯಾವ ಬೂಸ್ಟರ್‌ಗಿಂತಲೂ ಇದು ಉಪಯುಕ್ತ, ಏಕೆಂದರೆ ಯಾವ ಪುಟ ಬೇಕು, ಯಾವುದು ಬೇಡ ಎಂಬುದು ಬ್ರೌಸರ್‌ಗೆ ತಿಳಿದಿರುತ್ತದೆ.

ನಿಜವಾದ ಮೆಮೊರಿ ಕೊಳ್ಳುವುದೇ ಉತ್ತಮವೆಂದು ಹಿಂದೆಲ್ಲ ಧೈರ್ಯವಾಗಿ ಹೇಳಬಹುದಿತ್ತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ತೀವ್ರವಾಗಿ ಏರಿತು. ಸಾಫ್ಟ್‌ರ‍್ಯಾಮ್ ಮಾರಾಟವಾದ ಕಾಲದ ಪರಿಸ್ಥಿತಿಯೇ ಮರುಕಳಿಸಿದಂತಿದೆ. ದುಪ್ಪಟ್ಟಿನ ವ್ಯಾಪಾರಿಗಳೂ ಮರಳಿದರೆ ಅಚ್ಚರಿಯಿಲ್ಲ. ಹತ್ತು ಹನ್ನೆರಡು ವರ್ಷದ ಗಣಕಗಳಲ್ಲಿ ಸಾಮಾನ್ಯವಾಗಿ ಡಿಡಿಆರ್3 ಮೆಮೊರಿ ಇರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಕಡೆ ಬಳಸಿದ ತುಂಡುಗಳಿಗಾಗಿ ವಿಚಾರಿಸಬಹುದು. ಡಿಡಿಆರ್2, ಡಿಡಿಆರ್3, ಡಿಡಿಆರ್4 ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ ತುಂಡನ್ನೇ ಜೊತೆಗೆ ಒಯ್ಯುವುದು ಕ್ಷೇಮ. ಮೆಮೊರಿ ಸಿಗದಿದ್ದರೆ ಚಿಕ್ಕ ಎಸ್‌ಎಸ್‌ಡಿ ಹಾಕಿಸಿದರೂ ಸಾಕಷ್ಟು ಪರಿಹಾರ ಸಿಗುತ್ತದೆ. ಮೇಲೆ ಹೇಳಿದ ಲೆಕ್ಕದಲ್ಲಿ ಒಂದು ಹಗಲು ರಾತ್ರಿಗೂ ಮಿಕ್ಕ ಕಾಯುವಿಕೆ ಹದಿನೇಳು ನಿಮಿಷಕ್ಕೆ ಇಳಿಯುತ್ತದೆ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿತು. ಈ ಗಣಕಗಳಲ್ಲಿ ಬಹುಪಾಲು ವಿಂಡೋಸ್ 11ರ ನಿಯಮಗಳಿಗೆ ಹೊಂದುವುದಿಲ್ಲ. ಆದ್ದರಿಂದ ಝಡ್‌ರ‍್ಯಾಮ್ ಇರುವ ಲಿನಕ್ಸ್ ಕಡೆಗೆ ಹೊರಳುವ ಯೋಚನೆ ಅಸಂಗತವಲ್ಲ. ಕನ್ನಡಕ್ಕೆ ಅಲ್ಲಿ ತೊಂದರೆಯಿಲ್ಲ. ನುಡಿಯಲ್ಲಿ ರೂಢಿಯಾದ ಕೆಜಿಪಿ ಕೀಲಿಮಣೆ ವಿನ್ಯಾಸ ಐಬಸ್ ಮೂಲಕ ದೊರೆಯುತ್ತದೆ, ಗುಬ್ಬಿ, ನವಿಲು, ಲೋಹಿತ್ ಯೂನಿಕೋಡ್ ಅಕ್ಷರಶೈಲಿಗಳಿವೆ. ಹೊರಳುವ ಮುನ್ನ ನೋಡಬೇಕಾದುದು ಎರಡು. ಅಂಗಡಿಯ ಬಯೊಮೆಟ್ರಿಕ್ ಸಾಧನ, ಪ್ರಿಂಟರ್ ಮತ್ತು ಸ್ಕ್ಯಾನರ್‌ಗಳಿಗೆ ಲಿನಕ್ಸ್‌ನ ಚಾಲಕ ತಂತ್ರಾಂಶ ಇದೆಯೇ ಎಂಬುದು ಒಂದು. ಇಲ್ಲದಿದ್ದರೆ ಬೆಳೆ ವಿಮೆಯ ಸಾಲು ಮತ್ತೆ ನಿಂತೀತು. ಇನ್ನೊಂದು, ವರ್ಷಗಳಿಂದ ಕೂಡಿಟ್ಟ ಹಳೆಯ ನುಡಿ ಕಡತಗಳು. ಯೂನಿಕೋಡ್ ಅಲ್ಲದ ಆ ಕಡತಗಳು ಹೊಸ ಗಣಕದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳು ಉಚಿತವಾಗಿಯೇ ಸಿಗುತ್ತವೆ. ಹಳೆಯ ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಪರಿವರ್ತಿಸಿ, ಒತ್ತಕ್ಷರಗಳನ್ನು ಒಮ್ಮೆ ಓದಿ ನೋಡಿ, ಪ್ರತ್ಯೇಕ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಬೇಕು.